ಮಂತ್ರ ಮಾಂಗಲ್ಯದ ಮದುವೆಯನ್ನು ಕಾನೂನು ಮದುವೆಯೆಂದು ಒಪ್ಪುತ್ತದೆಯೇ?

ಜಯನಗರದ ತಂದೆ

ಎಲ್ಲರಿಗೂ ನಮಸ್ಕಾರ. ನನ್ನ ಮಗಳ ಮದುವೆ ನಿಶ್ಚಯವಾಗಿದೆ. ಹುಡುಗ ಬೇರೆ ಜಾತಿಯವನು, ಎರಡೂ ಮನೆಯವರಿಗೆ ಪೂರ್ಣ ಒಪ್ಪಿಗೆಯಿದೆ. ಹೋಮ, ಪುರೋಹಿತರು, ರಾಹುಕಾಲ ನೋಡುವುದು ಯಾವುದೂ ಬೇಡ, ಕುವೆಂಪು ಅವರು ಹಾಕಿಕೊಟ್ಟ ಮಂತ್ರ ಮಾಂಗಲ್ಯದ ಕ್ರಮದಲ್ಲಿ, ನೂರು ಜನರ ಮುಂದೆ, ಸಾಲ ಮಾಡದೆ ಮದುವೆಯಾಗುತ್ತೇವೆ ಎಂಬುದು ಮಕ್ಕಳಿಬ್ಬರ ಇಚ್ಛೆ. ನನಗೂ ನನ್ನ ಪತ್ನಿಗೂ ಇದರಿಂದ ಸಂತೋಷವೇ ಆಗಿದೆ.

ಆತಂಕ ಶುರುವಾದದ್ದು ಕಳೆದ ವಾರ. ನೋಂದಣಿಗೆ ಏನೇನು ಕಾಗದ ಬೇಕೆಂದು ವಿಚಾರಿಸಲು ನಮ್ಮ ಭಾಗದ ಉಪನೋಂದಣಾಧಿಕಾರಿ ಕಚೇರಿಗೆ ಹೋಗಿದ್ದೆ. ಅಲ್ಲಿದ್ದ ಸಿಬ್ಬಂದಿ ಆಧಾರ್, ವಯಸ್ಸಿನ ದಾಖಲೆ, ಲಗ್ನಪತ್ರಿಕೆ ಎಂದು ಹೇಳುತ್ತಾ ಹೋಗಿ, ಕೊನೆಗೆ "ಸಪ್ತಪದಿಯ ಫೋಟೊ ತನ್ನಿ, ಮದುವೆ ಮಾಡಿಸಿದ ಪುರೋಹಿತರ ಹೆಸರು ಬರೆಯಿರಿ" ಎಂದರು. ಪುರೋಹಿತರೂ ಇರುವುದಿಲ್ಲ, ಸಪ್ತಪದಿಯೂ ಇರುವುದಿಲ್ಲ ಎಂದು ವಿವರಿಸಿದೆ. "ಹಾಗಾದರೆ ಅದು ಮದುವೆ ಹೇಗಾಗುತ್ತದೆ ಯಜಮಾನರೇ?" ಎಂದು ಕೇಳಿದರು. ಅವರು ಒರಟಾಗಿ ಕೇಳಲಿಲ್ಲ, ನಿಜವಾಗಿಯೂ ತಿಳಿಯದೆ ಕೇಳಿದರು. ನನ್ನಲ್ಲೂ ಉತ್ತರವಿರಲಿಲ್ಲ.

ಇದು ನಮ್ಮ ಮನೆಯಲ್ಲಿ ಹಗುರವಾಗಿ ತೆಗೆದುಕೊಳ್ಳುವ ಮಾತಲ್ಲ. ನನ್ನ ದೊಡ್ಡಮ್ಮ ಎಪ್ಪತ್ತರ ದಶಕದಲ್ಲಿ ಸ್ನೇಹಿತರ ಮುಂದೆ ಹಾರ ಬದಲಾಯಿಸಿಕೊಂಡು ಮದುವೆಯಾದವರು. ದೊಡ್ಡಪ್ಪ ತೀರಿಕೊಂಡ ಮೇಲೆ ಕುಟುಂಬ ಪಿಂಚಣಿಗೆ ಅರ್ಜಿ ಹಾಕಿದಾಗ ಸಂಬಂಧಪಟ್ಟ ಕಚೇರಿ ವಿವಾಹ ಪ್ರಮಾಣಪತ್ರ ಕೇಳಿತು. ಅವರ ಬಳಿ ಇದ್ದದ್ದು ಅಂಚು ಹರಿದ ಒಂದು ಕಪ್ಪುಬಿಳುಪು ಚಿತ್ರ ಮಾತ್ರ. ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಹನ್ನೊಂದು ತಿಂಗಳು ಅಲೆದರು. ನನ್ನ ಮಗಳಿಗೆ ಅಂಥ ದಿನ ಬರಬಾರದು. ತಿಳಿದವರು ದಯವಿಟ್ಟು ಹೇಳಿ.

ಬಸವನಗುಡಿಯ ನಿವೃತ್ತ ವಕೀಲ

ಒಳ್ಳೆಯ ಪ್ರಶ್ನೆ ಕೇಳಿದ್ದೀರಿ, ಅದನ್ನು ಮದುವೆಗೆ ಮೊದಲೇ ಕೇಳಿದ್ದು ಇನ್ನೂ ಒಳ್ಳೆಯದಾಯಿತು. ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

1955ರ ಹಿಂದೂ ವಿವಾಹ ಕಾಯ್ದೆಯ 5ನೇ ಕಲಂ ಯಾರು ಮದುವೆಯಾಗಬಹುದು ಎಂಬುದನ್ನು ಹೇಳುತ್ತದೆ. ಇಬ್ಬರಿಗೂ ಬದುಕಿರುವ ಸಂಗಾತಿ ಇರಬಾರದು, ಸಮ್ಮತಿ ನೀಡುವ ಮಾನಸಿಕ ಸ್ಥಿತಿ ಇರಬೇಕು, ಹುಡುಗನಿಗೆ 21 ಮತ್ತು ಹುಡುಗಿಗೆ 18 ವರ್ಷ ತುಂಬಿರಬೇಕು, ನಿಷೇಧಿತ ರಕ್ತಸಂಬಂಧ ಇರಬಾರದು. ಜಾತಿಯ ಮಾತು ಅಲ್ಲಿ ಎಲ್ಲಿಯೂ ಇಲ್ಲ. ನಿಮ್ಮ ಪ್ರಶ್ನೆ ಇರುವುದು 7ನೇ ಕಲಮಿನಲ್ಲಿ. ವಧೂವರರಲ್ಲಿ ಯಾರಾದರೂ ಒಬ್ಬರ ಕಡೆಯ ರೂಢಿಯ ವಿಧಿಗಳಂತೆ ಮದುವೆ ನಡೆಯಬೇಕು ಎನ್ನುತ್ತದೆ ಅದು. ಆ ವಿಧಿಗಳಲ್ಲಿ ಸಪ್ತಪದಿ ಸೇರಿದ್ದರೆ ಮಾತ್ರ, ಏಳನೆಯ ಹೆಜ್ಜೆ ಇಟ್ಟಾಗ ಮದುವೆ ಪೂರ್ಣವಾಗುತ್ತದೆ. ಸಪ್ತಪದಿ ಎಲ್ಲ ಹಿಂದೂಗಳಿಗೂ ಕಡ್ಡಾಯವೆಂಬುದು ಕಚೇರಿಗಳಲ್ಲೂ ಕಲ್ಯಾಣ ಮಂಟಪಗಳಲ್ಲೂ ಬೇರೂರಿರುವ ತಪ್ಪು ತಿಳಿವಳಿಕೆ. ಹಳೇ ಮೈಸೂರು ಸೀಮೆಯ ಎಷ್ಟೋ ಸಮುದಾಯಗಳಲ್ಲಿ ಧಾರೆ ಎರೆದು ತಾಳಿ ಕಟ್ಟಿದರೆ ಮದುವೆ ಮುಗಿಯಿತು, ಅದನ್ನು ಯಾವ ನ್ಯಾಯಾಲಯವೂ ಮದುವೆಯಲ್ಲ ಎನ್ನುವುದಿಲ್ಲ.

ಎರಡನೆಯದು ನೋಂದಣಿ. ನಮ್ಮ ರಾಜ್ಯಕ್ಕೆ ಮದುವೆಗಳ ನೋಂದಣಿಗೆಂದೇ 1976ರ ಕಾಯ್ದೆಯಿದೆ. ಎಲ್ಲ ಧರ್ಮಗಳ ಮದುವೆಗಳ ನೋಂದಣಿಯನ್ನೂ ಕಡ್ಡಾಯ ಮಾಡಬೇಕೆಂದು ಸರ್ವೋಚ್ಚ ನ್ಯಾಯಾಲಯ 2006ರ ಫೆಬ್ರುವರಿಯಲ್ಲಿ ಆದೇಶಿಸಿದಾಗ, ಅದಾಗಲೇ ಅಂಥ ಕಾಯ್ದೆ ಹೊಂದಿದ್ದ ಬೆರಳೆಣಿಕೆಯ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಆದರೆ ನೋಂದಣಿ ಮಾಡಿಸದ ಮಾತ್ರಕ್ಕೆ ಮದುವೆ ಅಸಿಂಧುವಾಗುವುದಿಲ್ಲ. ಹಾಗೆಯೇ, ನೋಂದಣಿ ಮಾಡಿಸಿದ ಮಾತ್ರಕ್ಕೆ ಇಲ್ಲದ ಮದುವೆ ಇದೆಯೆಂದೂ ಆಗುವುದಿಲ್ಲ. ಇದನ್ನು 2024ರ ಏಪ್ರಿಲ್‌ನಲ್ಲಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ ಬಹಳ ಖಚಿತವಾಗಿ ಹೇಳಿತು. ಪೈಲಟ್‌ಗಳಾಗಿದ್ದ ಇಬ್ಬರು ಯಾವ ವಿಧಿಯನ್ನೂ ನಡೆಸದೆ, ಒಂದು ಸಂಸ್ಥೆಯಿಂದ ಕಾಗದ ಪಡೆದು, ಅದರ ಮೇಲೆ ನೋಂದಣಿ ಮಾಡಿಸಿಕೊಂಡಿದ್ದರು. ವಿಧಿಯೇ ನಡೆಯದಿದ್ದರೆ ಹಿಂದೂ ವಿವಾಹ ಕಾಯ್ದೆಯ ಅರ್ಥದಲ್ಲಿ ಅದು ಮದುವೆಯೇ ಅಲ್ಲ, ಪ್ರಮಾಣಪತ್ರ ಆ ಕೊರತೆಯನ್ನು ತುಂಬುವುದಿಲ್ಲ ಎಂಬುದು ಆ ತೀರ್ಪಿನ ತಿರುಳು.

ಆದ್ದರಿಂದ ಆ ಸಿಬ್ಬಂದಿ ಸಪ್ತಪದಿಯನ್ನೇ ಕೇಳಿದ್ದು ತಪ್ಪು. ಆದರೆ ವಿಧಿ ಯಾವುದು ಎಂದು ಕೇಳಿದ್ದು ತಪ್ಪಲ್ಲ. ಮಂತ್ರ ಮಾಂಗಲ್ಯ ಯಾರ ರೂಢಿ? ತೊಡಕು ಇರುವುದು ಈ ಪ್ರಶ್ನೆಯಲ್ಲಿ.

ನಿಮ್ಮ ದೊಡ್ಡಮ್ಮನ ಬಗ್ಗೆಯೂ ಒಂದು ಮಾತು. ದೀರ್ಘಕಾಲ ಗಂಡಹೆಂಡಿರಾಗಿ ಬಾಳಿದವರನ್ನು ವಿವಾಹಿತರೆಂದೇ ಭಾವಿಸಬೇಕು ಎಂಬುದು ಹಳೆಯ ತತ್ತ್ವ. ಸುಮಾರು 50 ವರ್ಷ ಜೊತೆಗೆ ಬದುಕಿದ ದಂಪತಿಯ ವಿಷಯದಲ್ಲಿ 1978ರಲ್ಲಿ ಸರ್ವೋಚ್ಚ ನ್ಯಾಯಾಲಯ, ಇಷ್ಟು ಕಾಲದ ಮೇಲೆ ಮದುವೆ ಮಾಡಿಸಿದ ಪುರೋಹಿತರನ್ನು ಸಾಕ್ಷಿಗೆ ಕರೆತನ್ನಿ ಎಂದರೆ ಯಾರಿಗೂ ಆಗದು ಎಂಬರ್ಥದ ಮಾತು ಹೇಳಿದೆ. ಅವರ ಪರ ನ್ಯಾಯವಿತ್ತು, ಅಲೆದಾಡಿಸಬಾರದಿತ್ತು.

ಮಡಿಕೇರಿಯ ಮಗಳು, ಈಗ ವಸಂತನಗರ

ವಕೀಲರ ಮಾತಿಗೆ ನಮ್ಮ ಕೊಡವ ಮದುವೆಯೇ ಉದಾಹರಣೆ. ನಮ್ಮಲ್ಲಿ ಪುರೋಹಿತರಿಲ್ಲ, ಅಗ್ನಿಯ ಸುತ್ತ ಹೆಜ್ಜೆ ಹಾಕುವುದಿಲ್ಲ. ದೀಪದ ಮುಂದೆ ಹಿರಿಯರು ಅಕ್ಕಿ ಹಾಕಿ ಹರಸುತ್ತಾರೆ, ಎರಡು ಒಕ್ಕಗಳ, ಅಂದರೆ ಮನೆತನಗಳ, ಪರವಾಗಿ ಮಾತು ಬಲ್ಲವರು ನಿಂತು ಸಮ್ಮಂಧ ಕೊಡುವ ಕ್ರಮ ನಡೆಸುತ್ತಾರೆ. ನನ್ನ ನೋಂದಣಿಯ ದಿನ ಇಲ್ಲಿಯ ಕಚೇರಿಯಲ್ಲಿ ನನ್ನನ್ನೂ ಹೋಮದ ಫೋಟೊ ಕೇಳಿದರು. ನನ್ನ ತಂದೆ ಸಮಾಧಾನವಾಗಿ ಅರ್ಧ ಗಂಟೆ ವಿವರಿಸಿದ ಮೇಲೆ ಒಪ್ಪಿದರು. ನಮಗೆ ತಲೆತಲಾಂತರದ ರೂಢಿಯ ಬೆಂಬಲವಿದೆ. ರೂಢಿಯನ್ನು ಬಿಟ್ಟು ಬಂದವರಿಗೇ ಕಾನೂನು ಹೆಚ್ಚು ಕಷ್ಟ ಕೊಡುತ್ತದೆ ಎಂಬುದು ನನಗೆ ನೋವಿನ ಸಂಗತಿಯಾಗಿ ಕಾಣುತ್ತದೆ.

ನಾಗರಬಾವಿ ವಾಸಿ

ಮಂತ್ರ ಮಾಂಗಲ್ಯಕ್ಕೆ ರೂಢಿಯ ಬಲವಿಲ್ಲ ಎಂಬುದನ್ನು ನಾನು ಒಪ್ಪುವುದಿಲ್ಲ. ಪೂರ್ಣಚಂದ್ರ ತೇಜಸ್ವಿಯವರ ಮದುವೆ ಈ ಕ್ರಮದಲ್ಲಿ ನಡೆದದ್ದು 1966ರಲ್ಲಿ. ಅಲ್ಲಿಂದ ಈಚೆಗೆ ಮಲೆನಾಡಿನಲ್ಲಿ, ಮೈಸೂರಿನಲ್ಲಿ, ಬೆಂಗಳೂರಿನಲ್ಲಿ ಎಷ್ಟು ಮದುವೆಗಳು ಹೀಗೆ ನಡೆದಿವೆ! ನನ್ನ ತಂದೆತಾಯಿಯರದು ಹೀಗೇ ಆಯಿತು, ನನ್ನದೂ ಹೀಗೇ ಆಯಿತು. ನನ್ನ ಅಕ್ಕನ ಮದುವೆಯಲ್ಲಿ ಮಂತ್ರಗಳ ಕನ್ನಡ ಅರ್ಥವನ್ನು ಓದಿ ಪ್ರತಿಜ್ಞೆ ಹೇಳಿಸಿದವರು ಅವಳ ಪ್ರೌಢಶಾಲೆಯ ಕನ್ನಡ ಮೇಷ್ಟ್ರು. ಪ್ರತಿಜ್ಞೆಯ ಒಂದೊಂದು ವಾಕ್ಯಕ್ಕೂ ಅವರು ನಿಲ್ಲುತ್ತಿದ್ದರು, ಅರ್ಥವಾಯಿತೇ ಎಂಬಂತೆ ಇಬ್ಬರ ಮುಖ ನೋಡಿ ಮುಂದುವರಿಯುತ್ತಿದ್ದರು. ತಿಳಿಯದ ಭಾಷೆಯಲ್ಲಿ ಯಾರೋ ಹೇಳಿದ್ದಕ್ಕೆ ತಲೆಯಾಡಿಸುವುದಕ್ಕಿಂತ ಇದು ಹೆಚ್ಚು ಮದುವೆ ಎಂದು ನಾನು ನಂಬಿದ್ದೇನೆ. ಇಷ್ಟು ವರ್ಷ, ಇಷ್ಟು ಕುಟುಂಬಗಳಲ್ಲಿ ನಡೆದದ್ದು ರೂಢಿಯಲ್ಲದೆ ಮತ್ತೇನು?

ಬಸವನಗುಡಿಯ ನಿವೃತ್ತ ವಕೀಲ

ನಾಗರಬಾವಿಯವರ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಕಾಯ್ದೆಯ 3ನೇ ಕಲಂ ರೂಢಿಯನ್ನು ಹೀಗೆ ವಿವರಿಸುತ್ತದೆ: ದೀರ್ಘಕಾಲದಿಂದ, ಎಡೆಬಿಡದೆ, ಒಂದೇ ರೀತಿಯಾಗಿ ಪಾಲಿಸಿಕೊಂಡು ಬಂದು, ಒಂದು ಪ್ರದೇಶ, ಬುಡಕಟ್ಟು, ಸಮುದಾಯ, ಗುಂಪು ಅಥವಾ ಕುಟುಂಬದ ಹಿಂದೂಗಳಲ್ಲಿ ಕಾನೂನಿನ ಬಲ ಪಡೆದ ನಿಯಮ. ಕುಟುಂಬ ಎಂಬ ಪದ ಅಲ್ಲಿದೆ. ಮೂರು ತಲೆಮಾರು ಮಂತ್ರ ಮಾಂಗಲ್ಯವನ್ನೇ ನಡೆಸಿಕೊಂಡು ಬಂದ ಮನೆಯೊಂದು ಇದು ನಮ್ಮ ಕುಟುಂಬದ ರೂಢಿ ಎಂದು ವಾದಿಸಬಹುದು. ಆದರೆ ಮೊದಲ ಬಾರಿಗೆ ಹೀಗೆ ಮದುವೆಯಾಗುತ್ತಿರುವ ಜಯನಗರದವರ ಮಗಳಿಗೆ ಆ ವಾದ ಸಿಗುವುದಿಲ್ಲ. ಸುಧಾರಣೆಯ ಮದುವೆಯ ಕಷ್ಟವೇ ಇದು. ಹೊಸದು ಎಂಬುದೇ ಅದರ ಗುಣ, ಕಾನೂನು ಕೇಳುವುದು ಹಳತನ್ನು.

ಇದು ಬರೀ ಪುಸ್ತಕದ ಚರ್ಚೆಯಲ್ಲ. ಗಂಡ ಇನ್ನೊಂದು ಮದುವೆಯಾದನೆಂದು ಹೆಂಡತಿ ದ್ವಿಪತ್ನಿತ್ವದ ದೂರು ಕೊಟ್ಟರೆ, ಮೊದಲ ಮದುವೆ ಸರಿಯಾದ ವಿಧಿಯಿಂದ ನಡೆದಿತ್ತೇ ಎಂದು ಎದುರು ಪಕ್ಷದವರು ಎತ್ತುವ ಮೊದಲ ಪ್ರಶ್ನೆಯೇ ಇದು. ಎರಡನೆಯ ಮದುವೆಯನ್ನೂ ವಿಧಿಪೂರ್ವಕವಾಗಿ ನಡೆದದ್ದೆಂದು ಸಾಬೀತು ಮಾಡಬೇಕು ಎಂದು 1965ರಲ್ಲೇ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಇದರಿಂದ ಪಾರಾದ ಗಂಡಂದಿರು ಕಡಿಮೆಯಲ್ಲ. ಜೀವನಾಂಶದ ಅರ್ಜಿಗಳಲ್ಲಿ ಇಷ್ಟು ಕಟ್ಟುನಿಟ್ಟಿನ ಪುರಾವೆ ಕೇಳುವುದಿಲ್ಲ, ಅಷ್ಟು ಸಮಾಧಾನ.

ನೆರೆಯ ತಮಿಳುನಾಡು ಈ ತೊಡಕನ್ನು ಹೇಗೆ ಬಿಡಿಸಿಕೊಂಡಿತು ನೋಡಿ. ಪೆರಿಯಾರ್ ಅವರ ಸ್ವಾಭಿಮಾನ ಚಳವಳಿಯ ಮದುವೆಗಳು ಪುರೋಹಿತರಿಲ್ಲದೆ ನಡೆಯುತ್ತಿದ್ದವು. ಐವತ್ತರ ದಶಕದ ಆರಂಭದಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯ ಅಂಥ ಮದುವೆಯೊಂದನ್ನು ಅಸಿಂಧುವೆಂದಿತು. ಅಣ್ಣಾದುರೈ ಮುಖ್ಯಮಂತ್ರಿಯಾದ ವರ್ಷವೇ, 1967ರಲ್ಲಿ, ಹಿಂದೂ ವಿವಾಹ ಕಾಯ್ದೆಗೆ ಅವರ ಶಾಸನಸಭೆ 7ಎ ಎಂಬ ಹೊಸ ಕಲಂ ಸೇರಿಸಿತು. ಬಂಧುಗಳು, ಸ್ನೇಹಿತರು ಅಥವಾ ಇತರರ ಮುಂದೆ, ತಮಗೆ ತಿಳಿಯುವ ಭಾಷೆಯಲ್ಲಿ ಒಬ್ಬರನ್ನೊಬ್ಬರು ಪತಿಪತ್ನಿಯಾಗಿ ಸ್ವೀಕರಿಸಿದೆವೆಂದು ಹೇಳಿದರೆ, ಅಥವಾ ಹಾರ ಹಾಕಿಕೊಂಡರೆ, ಉಂಗುರ ತೊಡಿಸಿದರೆ, ತಾಳಿ ಕಟ್ಟಿದರೆ ಸಾಕು. ಇವುಗಳಲ್ಲಿ ಯಾವುದಾದರೂ ಒಂದು ನಡೆದರೆ ಮದುವೆ ಸಿಂಧು. ಹಿಂದೆ ನಡೆದಿದ್ದ ಅಂಥ ಮದುವೆಗಳಿಗೂ ಅದು ರಕ್ಷಣೆ ಕೊಟ್ಟಿತು. 2001ರಲ್ಲಿ, ಸಪ್ತಪದಿ ಪೂರ್ತಿಯಾಗಿರಲಿಲ್ಲ ಎಂಬ ನೆಪದಲ್ಲಿ ದ್ವಿಪತ್ನಿತ್ವದ ಆರೋಪದಿಂದ ತಪ್ಪಿಸಿಕೊಳ್ಳಲು ಹೊರಟವನನ್ನು ಸರ್ವೋಚ್ಚ ನ್ಯಾಯಾಲಯ ಇದೇ 7ಎ ಆಧಾರದ ಮೇಲೆ ಬಿಡಲಿಲ್ಲ. 2023ರಲ್ಲಿ ಅದೇ ನ್ಯಾಯಾಲಯ, ಇಂಥ ಮದುವೆಗೆ ಸಾರ್ವಜನಿಕ ಘೋಷಣೆಯ ಅಗತ್ಯವೂ ಇಲ್ಲವೆಂದಿತು.

ಮಂತ್ರ ಮಾಂಗಲ್ಯ ಹುಟ್ಟಿದ ನಾಡಿನಲ್ಲಿ 7ಎಯಂಥ ಕಲಂ ಇಲ್ಲ. ಇದು ನನ್ನನ್ನು ವೃತ್ತಿಯುದ್ದಕ್ಕೂ ಕಾಡಿದ ಕೊರತೆ.

ವಿಜಯನಗರ, ಎರಡನೇ ಹಂತ

ಚರ್ಚೆಗೆ ಹೊಂದುತ್ತದೆಂದು ಕೇಳುತ್ತಿದ್ದೇನೆ. ನನ್ನ ತಾಯಿಯನ್ನು ಅವರ ಸೋದರಮಾವನಿಗೇ ಕೊಟ್ಟದ್ದು. ನಮ್ಮ ಕಡೆ ಅಕ್ಕನ ಮಗಳನ್ನು ತರುವುದು ಮೊದಲಿನಿಂದ ಇದೆ. ಈಚೆಗೆ ಯಾರೋ ಇದು ಕಾನೂನಿನಲ್ಲಿ ಮದುವೆಯೇ ಅಲ್ಲ ಎಂದರಂತೆ. ಎಪ್ಪತ್ತೆರಡು ವರ್ಷದ ನನ್ನ ತಾಯಿ ಎರಡು ದಿನ ಸರಿಯಾಗಿ ಊಟ ಮಾಡಿಲ್ಲ.

ಬಸವನಗುಡಿಯ ನಿವೃತ್ತ ವಕೀಲ

ನಿಮ್ಮ ತಾಯಿಯವರಿಗೆ ಈಗಲೇ ಹೇಳಿ, ಅವರ ಮದುವೆ ಸಿಂಧು. ಸೋದರಮಾವ ಮತ್ತು ಸೊಸೆ, ಅತ್ತೆಯ ಮಕ್ಕಳು ಮತ್ತು ಮಾವನ ಮಕ್ಕಳು, ಇವೆಲ್ಲ ಹಿಂದೂ ವಿವಾಹ ಕಾಯ್ದೆಯ ನಿಷೇಧಿತ ಸಂಬಂಧಗಳ ಪಟ್ಟಿಯಲ್ಲಿರುವುದು ನಿಜ. ಆದರೆ ಇಬ್ಬರಿಗೂ ಅನ್ವಯಿಸುವ ರೂಢಿ ಒಪ್ಪಿದರೆ ನಿಷೇಧವಿಲ್ಲ ಎಂದು ಅದೇ ಕಾಯ್ದೆ ಹೇಳುತ್ತದೆ. ಇಂಥವರು ವಿಶೇಷ ವಿವಾಹ ಕಾಯ್ದೆಯಡಿ, ಅಂದರೆ ಯಾವ ಜಾತಿ ಧರ್ಮದವರೂ ವಿವಾಹಾಧಿಕಾರಿಯ ಮುಂದೆ ಮದುವೆಯಾಗಲು ಅವಕಾಶ ಕೊಡುವ ಕಾಯ್ದೆಯಡಿ, ಮದುವೆಯಾಗಲು ಹೋದರೆ ಮಾತ್ರ ದಾರಿ ಕಿರಿದಾಗುತ್ತದೆ, ಏಕೆಂದರೆ ಅಲ್ಲಿ ರೂಢಿ ಎಂದರೆ ರಾಜ್ಯ ಸರ್ಕಾರ ರಾಜಪತ್ರದಲ್ಲಿ ಅಧಿಸೂಚಿಸಿದ ರೂಢಿ ಎಂದೇ ಅರ್ಥ.

ಕಮ್ಮನಹಳ್ಳಿಯ ಗೃಹಿಣಿ

ಜಯನಗರದವರಿಗೆ ಎಲ್ಲರೂ ವಿಶೇಷ ವಿವಾಹ ಕಾಯ್ದೆಯನ್ನೇ ಸೂಚಿಸುತ್ತಾರೆ, ನಾನೂ ಸೂಚಿಸುತ್ತೇನೆ. ಆದರೆ ಅದರ ಕಷ್ಟವನ್ನೂ ಹೇಳಬೇಕು. ನಾನು ಮತ್ತು ನನ್ನ ಪತಿ ಬೇರೆ ಬೇರೆ ಧರ್ಮದವರು, ನಮಗೆ 1954ರ ಆ ಕಾಯ್ದೆ ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ 30 ದಿನ ವಾಸವಿದ್ದಿರಬೇಕು, ಅನಂತರ ನೋಟಿಸ್ ಕೊಡಬೇಕು, ಆ ನೋಟಿಸನ್ನು ಕಚೇರಿಯ ಗೋಡೆಗೆ ಅಂಟಿಸುತ್ತಾರೆ, ಮತ್ತೆ 30 ದಿನ ಕಾಯಬೇಕು. ಮಾರಾಟಪತ್ರದ ನೋಂದಣಿಗೆ ಬಂದವರು ಕುಳಿತುಕೊಳ್ಳುವ ಬೆಂಚಿನ ಮೇಲ್ಗಡೆಯೇ ನನ್ನ ಹೆಸರು, ತಂದೆಯ ಹೆಸರು, ಮನೆಯ ವಿಳಾಸ, ಭಾವಚಿತ್ರ ಎಲ್ಲವೂ ತೂಗುತ್ತಿದ್ದವು. ಯಾರೋ ಅಪರಿಚಿತರು ಅದರ ಫೋಟೊ ತೆಗೆದು ನಮ್ಮ ಬೀದಿಯವರಿಗೆ ಕಳುಹಿಸಿದರು. ಆ 30 ದಿನ ನನ್ನ ತಾಯಿ ಬಾಗಿಲ ಕರೆಗಂಟೆ ಬಾರಿಸಿದರೆ ಬೆಚ್ಚುತ್ತಿದ್ದರು. ಅಲಹಾಬಾದ್ ಉಚ್ಚ ನ್ಯಾಯಾಲಯ 2021ರ ಜನವರಿಯಲ್ಲಿ, ನೋಟಿಸ್ ಪ್ರಕಟಿಸಬೇಕೋ ಬೇಡವೋ ಎಂಬುದನ್ನು ವಧೂವರರ ಇಚ್ಛೆಗೆ ಬಿಡಬೇಕೆಂದು ಹೇಳಿದ್ದನ್ನು ಓದಿ ನಾನು ಅತ್ತಿದ್ದೆ.

ಎರಡೂ ಮನೆಯವರು ಒಪ್ಪಿರುವ ನಿಮ್ಮ ಮಗಳಿಗೆ ಅಂಥ ಭಯವಿಲ್ಲ. ಅದಕ್ಕೇ ಧೈರ್ಯವಾಗಿ ಹೋಗಿ ಎನ್ನುತ್ತೇನೆ.

ಜಯನಗರದ ತಂದೆ

ತಾಯಿ, ನಿಮ್ಮ ಮಾತು ಓದಿ ಮನಸ್ಸು ಭಾರವಾಯಿತು. ಎಲ್ಲರಿಗೂ ಕೃತಜ್ಞತೆಗಳು. ಒಂದು ಸಂಶಯ ಉಳಿದಿದೆ. ನನ್ನ ಭಾವಮೈದುನ, ಆ ಕಾಯ್ದೆಯಲ್ಲಿ ಮದುವೆಯಾದರೆ ಹುಡುಗಿಗೆ ಪಿತ್ರಾರ್ಜಿತ ಆಸ್ತಿಯ ಹಕ್ಕು ಹೋಗುತ್ತದೆ, ಅವಿಭಕ್ತ ಕುಟುಂಬದಿಂದ ಹೊರಗಾಗುತ್ತಾಳೆ ಎನ್ನುತ್ತಾನೆ. ನಿಜವೇ?

ಬಸವನಗುಡಿಯ ನಿವೃತ್ತ ವಕೀಲ

ನಿಮ್ಮ ಮಗಳ ವಿಷಯದಲ್ಲಿ ನಿಜವಲ್ಲ. 19ನೇ ಕಲಂ ಪ್ರಕಾರ ಅವಿಭಕ್ತ ಹಿಂದೂ ಕುಟುಂಬದ ಸದಸ್ಯರು ಈ ಕಾಯ್ದೆಯಡಿ ಮದುವೆಯಾದರೆ ಕುಟುಂಬದಿಂದ ಬೇರ್ಪಟ್ಟಂತೆ, 21ನೇ ಕಲಂ ಪ್ರಕಾರ ಅವರಿಗೆ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯ. ಆದರೆ 1976ರಲ್ಲಿ ಸೇರಿಸಿದ 21ಎ ಕಲಂ, ವಧೂವರರಿಬ್ಬರೂ ಹಿಂದೂ, ಬೌದ್ಧ, ಸಿಖ್ ಅಥವಾ ಜೈನರಾಗಿದ್ದರೆ ಇವೆರಡೂ ಅನ್ವಯಿಸುವುದಿಲ್ಲ ಎನ್ನುತ್ತದೆ. ನಿಮ್ಮ ಭಾವಮೈದುನರು ಹೇಳುತ್ತಿರುವುದು 1976ಕ್ಕೆ ಹಿಂದಿನ ಕಾನೂನು.

ಮೈಸೂರು ಇತಿಹಾಸದ ಅಧ್ಯಾಪಕಿ, ರಾಜಾಜಿನಗರ

7ಎ ನಮ್ಮಲ್ಲಿ ಏಕಿಲ್ಲ ಎಂಬ ವಕೀಲರ ಕೊರಗಿಗೆ ನನ್ನದೂ ದನಿ ಸೇರಿಸುತ್ತೇನೆ. ಇದು ಕೇಂದ್ರದ ವಿಷಯ, ರಾಜ್ಯ ಏನು ಮಾಡಲು ಸಾಧ್ಯ ಎಂದು ಕೆಲವರು ಕೈಚೆಲ್ಲುತ್ತಾರೆ. ಮದುವೆ ಮತ್ತು ವಿಚ್ಛೇದನ ಸಂವಿಧಾನದ ಸಮವರ್ತಿ ಪಟ್ಟಿಯ 5ನೇ ನಮೂದಿನಲ್ಲಿವೆ. ರಾಜ್ಯವೂ ಕಾನೂನು ಮಾಡಬಹುದು. ಕೇಂದ್ರದ ಕಾಯ್ದೆಗೆ ವಿರುದ್ಧವಾದರೆ 254ನೇ ವಿಧಿಯಂತೆ ರಾಷ್ಟ್ರಪತಿಗಳ ಅಂಕಿತ ಬೇಕು, ಅಷ್ಟೇ.

ಈ ನಾಡಿಗೆ ಇದು ಹೊಸ ಕೆಲಸವೂ ಅಲ್ಲ. ಮೈಸೂರು ಸಂಸ್ಥಾನ 1894ರಲ್ಲೇ ಎಂಟು ವರ್ಷದೊಳಗಿನ ಹೆಣ್ಣುಮಗುವಿನ ಮದುವೆಯನ್ನೂ, ಐವತ್ತು ದಾಟಿದ ಗಂಡಸು ಹದಿನಾಲ್ಕರೊಳಗಿನ ಹುಡುಗಿಯನ್ನು ಮದುವೆಯಾಗುವುದನ್ನೂ ನಿಷೇಧಿಸಿತ್ತು. ಇಡೀ ಬ್ರಿಟಿಷ್ ಇಂಡಿಯಾಕ್ಕೆ ಬಾಲ್ಯವಿವಾಹ ತಡೆ ಕಾಯ್ದೆ ಬಂದದ್ದು 1929ರಲ್ಲಿ. ಈಚಿನ ಉದಾಹರಣೆ ಇನ್ನೂ ಗಟ್ಟಿಯಾದದ್ದು. 2006ರ ಕೇಂದ್ರ ಕಾಯ್ದೆಯಂತೆ ಬಾಲ್ಯವಿವಾಹ ಸಾಮಾನ್ಯವಾಗಿ ತಾನಾಗಿಯೇ ಅಸಿಂಧುವಲ್ಲ. ಆಗ ಮಗುವಾಗಿದ್ದವರು ಪ್ರಾಪ್ತವಯಸ್ಕರಾದ ಎರಡು ವರ್ಷದೊಳಗೆ ನ್ಯಾಯಾಲಯಕ್ಕೆ ಹೋಗಿ ರದ್ದುಪಡಿಸಿಕೊಳ್ಳಬೇಕು. ಕರ್ನಾಟಕ ಇದಕ್ಕೆ ತಿದ್ದುಪಡಿ ತಂದು, 2017ರಿಂದ ಇಲ್ಲಿ ನಡೆಯುವ ಬಾಲ್ಯವಿವಾಹ ಮೊದಲಿಂದಲೇ ಅಸಿಂಧು ಎಂದು ಮಾಡಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಈ ಕ್ರಮವನ್ನು ಮೆಚ್ಚಿ, ಉಳಿದ ರಾಜ್ಯಗಳೂ ಅನುಸರಿಸಲಿ ಎಂದಿತು. ಯಾವುದು ಮದುವೆಯಲ್ಲ ಎಂದು ಹೇಳಲು ಮುಂದೆ ಬಂದ ರಾಜ್ಯ, ಯಾವುದು ಮದುವೆ ಎಂದು ಹೇಳಲೂ ಮುಂದೆ ಬರಬಹುದಲ್ಲವೇ?

ಹಲಸೂರಿನಿಂದ

ನಾನು ಒಬ್ಬ ಪುರುಷನೊಂದಿಗೆ ಒಂಬತ್ತು ವರ್ಷಗಳಿಂದ ಬಾಳುತ್ತಿರುವ ಪುರುಷ. ನೀವೆಲ್ಲ ವಿಧಿ ಯಾವುದಿರಬೇಕೆಂದು ಚರ್ಚಿಸುತ್ತಿದ್ದೀರಿ, ನಮಗೆ ವಿಧಿಯ ಪ್ರಶ್ನೆಯವರೆಗೆ ಬರಲೂ ಕಾನೂನು ಬಿಟ್ಟಿಲ್ಲ. 2023ರ ಅಕ್ಟೋಬರ್ 17ರಂದು ಸರ್ವೋಚ್ಚ ನ್ಯಾಯಾಲಯ, ಮದುವೆಯಾಗುವುದು ಮೂಲಭೂತ ಹಕ್ಕಲ್ಲ, ವಿಶೇಷ ವಿವಾಹ ಕಾಯ್ದೆಯನ್ನು ನಮಗೂ ಅನ್ವಯವಾಗುವಂತೆ ಓದಲಾಗದು, ಅದು ಶಾಸನಸಭೆಗಳ ಕೆಲಸ ಎಂದಿತು. ಲಿಂಗತ್ವ ಪರಿವರ್ತಿತರು ವಿರುದ್ಧ ಲಿಂಗದವರನ್ನು ಮದುವೆಯಾಗಲು ಇರುವ ಕಾಯ್ದೆಗಳಲ್ಲೇ ಅವಕಾಶವಿದೆ ಎಂದು ಅದೇ ತೀರ್ಪು ಸ್ಪಷ್ಟಪಡಿಸಿತು. ಪುನರ್‌ಪರಿಶೀಲನಾ ಅರ್ಜಿಗಳೂ 2025ರ ಜನವರಿಯಲ್ಲಿ ವಜಾ ಆದವು. ಕಳೆದ ವರ್ಷ ಅವನಿಗೆ ಶಸ್ತ್ರಚಿಕಿತ್ಸೆಯಾದಾಗ ಒಪ್ಪಿಗೆಯ ಅರ್ಜಿಯಲ್ಲಿ ರೋಗಿಗೆ ನಿಮ್ಮ ಸಂಬಂಧವೇನು ಎಂಬ ಕಡೆ ನಾನು ಸ್ನೇಹಿತ ಎಂದು ಬರೆದೆ. ರಾಜ್ಯ ಕಾನೂನು ತರಬಹುದು ಎನ್ನುವ ಅಧ್ಯಾಪಕಿಯವರ ಮಾತು ನಮ್ಮನ್ನೂ ಒಳಗೊಳ್ಳಲಿ ಎಂದು ಕೋರುತ್ತೇನೆ.

ಮೈಸೂರು ಇತಿಹಾಸದ ಅಧ್ಯಾಪಕಿ, ರಾಜಾಜಿನಗರ

ಒಳಗೊಳ್ಳಲೇಬೇಕು. ನಾನು ಬರೆಯುವಾಗ ನಿಮ್ಮನ್ನು ನೆನೆಯಲಿಲ್ಲ, ಅದು ನನ್ನ ಕೊರತೆ.

ಕಮ್ಮನಹಳ್ಳಿಯ ಗೃಹಿಣಿ

ಜಯನಗರದವರೇ, ಒಂದು ಮುಖ್ಯ ವಿಷಯ ಬಿಟ್ಟುಹೋಗಿದೆ. ವಿಶೇಷ ವಿವಾಹ ಕಾಯ್ದೆಯ 12ನೇ ಕಲಂ ಓದಿಸಿ ನೋಡಿ. ಮದುವೆ ಕಚೇರಿಯಲ್ಲೇ ಆಗಬೇಕೆಂದಿಲ್ಲ. ಹೆಚ್ಚುವರಿ ಶುಲ್ಕ ಕಟ್ಟಿದರೆ ಕಚೇರಿಯಿಂದ ತೀರಾ ದೂರವಲ್ಲದ ಬೇರೆ ಸ್ಥಳದಲ್ಲೂ ಆಗಬಹುದು, ಮತ್ತು ವಧೂವರರು ಆರಿಸಿಕೊಂಡ ಯಾವುದೇ ವಿಧಾನದಲ್ಲಿ ನಡೆಯಬಹುದು. ಷರತ್ತು ಒಂದೇ: ವಿವಾಹಾಧಿಕಾರಿ ಮತ್ತು ಮೂವರು ಸಾಕ್ಷಿಗಳ ಮುಂದೆ, ತಮಗೆ ತಿಳಿಯುವ ಭಾಷೆಯಲ್ಲಿ, ನಿನ್ನನ್ನು ನನ್ನ ಕಾನೂನುಬದ್ಧ ಪತ್ನಿಯಾಗಿ, ಪತಿಯಾಗಿ ಸ್ವೀಕರಿಸುತ್ತೇನೆ ಎಂದು ಒಬ್ಬರಿಗೊಬ್ಬರು ಹೇಳಬೇಕು. ನನ್ನ ಪತಿ ಆ ವಾಕ್ಯವನ್ನು ಕನ್ನಡದಲ್ಲಿ ಹೇಳಿದರು. ಕಚೇರಿಯ ಫ್ಯಾನಿನ ಸದ್ದಿಗೆ ನನಗೆ ಸರಿಯಾಗಿ ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಿಸಿಕೊಂಡೆ.

ಬಸವನಗುಡಿಯ ನಿವೃತ್ತ ವಕೀಲ

ಅಮ್ಮ ಸರಿಯಾಗಿ ಹೇಳಿದರು, ಇದನ್ನು ನಾನೇ ಮೊದಲು ಹೇಳಬೇಕಿತ್ತು. ವಿವಾಹಾಧಿಕಾರಿ ಬಂದು ಕುಳಿತ ಸಭೆಯಲ್ಲಿ ಮಂತ್ರ ಮಾಂಗಲ್ಯ ನಡೆದು, ಪ್ರತಿಜ್ಞೆಯ ನಡುವೆ ಆ ಒಂದು ವಾಕ್ಯ ಸೇರಿದರೆ ಮದುವೆ ಪೂರ್ಣ, ರೂಢಿಯ ಪ್ರಶ್ನೆಯೇ ಏಳುವುದಿಲ್ಲ. ಅವರು ಬರಲು ಆಗದಿದ್ದರೆ ಮೊದಲು ಕಚೇರಿ, ಆಮೇಲೆ ಸಭೆ ಇಟ್ಟುಕೊಳ್ಳಿ. ತಿರುವುಮುರುವಾದರೆ ಎರಡು ಕಾಗದಗಳಲ್ಲಿ ಎರಡು ದಿನಾಂಕಗಳಾಗುತ್ತವೆ, ಪಾಸ್‌ಪೋರ್ಟ್, ವಿಮೆ ಎಂದಾಗ ಅದೇ ತಕರಾರು. ನೋಟಿಸ್ ಕೊಟ್ಟ ದಿನದಿಂದ ಮೂರು ತಿಂಗಳೊಳಗೆ ಮದುವೆ ಆಗದಿದ್ದರೆ ಹೊಸ ನೋಟಿಸ್ ಕೊಡಬೇಕಾಗುತ್ತದೆ, ಲೆಕ್ಕವಿಟ್ಟುಕೊಳ್ಳಿ.

ಜಯನಗರದ ತಂದೆ

ನಿನ್ನೆ ಮಕ್ಕಳೊಂದಿಗೆ ಹೋಗಿ ನೋಟಿಸ್ ಕೊಟ್ಟು ಬಂದೆವು. ಅಧಿಕಾರಿಗಳು 12ನೇ ಕಲಂ ತಾವೇ ತೆಗೆದು ನೋಡಿ, ಮಂಟಪಕ್ಕೆ ಬರಲು ಒಪ್ಪಿದರು, ಆದರೆ ಭಾನುವಾರ ಆಗದು ಎಂದರು. ಮದುವೆಯನ್ನು ಗುರುವಾರ ಬೆಳಿಗ್ಗೆಗೆ ಬದಲಾಯಿಸಿದ್ದೇವೆ, ಲಗ್ನಪತ್ರಿಕೆಯನ್ನು ಮತ್ತೆ ಅಚ್ಚಿಗೆ ಕೊಟ್ಟಾಯಿತು. ಮೂವರು ಸಾಕ್ಷಿಗಳಲ್ಲಿ ಒಬ್ಬರು ನನ್ನ ದೊಡ್ಡಮ್ಮ. ಗುರುತಿನ ದಾಖಲೆಯ ಜೊತೆ ಆ ಹಳೆಯ ಚಿತ್ರವನ್ನೂ ತರಬೇಕೇ ಎಂದು ಫೋನಿನಲ್ಲಿ ಕೇಳಿದರು. ಆಧಾರ್ ಒಂದೇ ಸಾಕು ದೊಡ್ಡಮ್ಮ ಎಂದೆ.